ಮಾಸು ಕಟ್ಟುವ ಕಿಣ್ವಗಳು

ಅಗಸೂರು ಕಡೆ ಕೊಟ್ಟಿಗೆಯಲ್ಲಿ ದನ ಕರು ಹಾಕಿತು ಅಂದರೆ ಮನೆಯವರು ಕೇಳೋದು ಒಂದೇ, "ಮಾಸು ಬಿತ್ತಾ?" ಬಿದ್ದ ಮೇಲೆ ಅದರ ಬಗ್ಗೆ ಯಾರೂ ಯೋಚನೆ ಮಾಡೋದಿಲ್ಲ. ಆದರೆ ಮನುಷ್ಯರಲ್ಲೂ ಒಂಬತ್ತು ತಿಂಗಳು ಮಗುವಿಗೆ ಶ್ವಾಸಕೋಶ, ಕರುಳು, ಕಿಡ್ನಿ ಎಲ್ಲವೂ ಆಗಿ ದುಡಿಯೋದು ಈ ಮಾಸು, ಅಂದರೆ ಪ್ಲಸೆಂಟಾ. ಅದನ್ನು ಕಟ್ಟುವುದರಲ್ಲಿ ಕಿಣ್ವಗಳ, ಅಂದರೆ ಎನ್ಜೈಮ್‌ಗಳ ಕೆಲಸ ಏನು ಅಂತ ನೋಡೋಣ.

ಗರ್ಭ ಕಟ್ಟಿ ಸುಮಾರು ಆರೇಳು ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಗೋಡೆಯ ತುಂಬ ಕಾಲಜನ್ ಎಂಬ ಪ್ರೋಟೀನಿನ ಬಲೆ. ಭ್ರೂಣದ ಹೊರಪದರದ ಟ್ರೋಫೋಬ್ಲಾಸ್ಟ್ ಕೋಶಗಳು ಎಂಎಂಪಿ-2, ಎಂಎಂಪಿ-9 ಎಂಬ ಕಿಣ್ವಗಳನ್ನು ಬಿಟ್ಟು ಈ ಬಲೆಯನ್ನು ಕತ್ತರಿಸುತ್ತಾ ಒಳಗೆ ಹೋಗುತ್ತವೆ. ತೀರಾ ಆಳಕ್ಕೆ ಹೋದರೂ ಅಪಾಯವೇ. ಅದಕ್ಕೆ ಟಿಂಪ್ ಎಂಬ ಪ್ರೋಟೀನುಗಳು ಬ್ರೇಕ್ ಹಾಕುತ್ತವೆ.

ಮುಂದಿನ ಕೆಲಸ ರಕ್ತದ ಸಪ್ಲೈ. ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಪೈಪ್ ಕಿರಿದಾದರೆ ಪ್ರೆಶರ್ ಏರುತ್ತೆ ಅಂತ ನಮಗೆ ಗೊತ್ತೇ ಇದೆ. ಇಲ್ಲಿ ಸಹಾಯಕ್ಕೆ ಬರೋದು ಕೋರಿನ್. ಇದು ಮುಖ್ಯವಾಗಿ ಹೃದಯದ ಕಿಣ್ವ. ಬಸಿರಾದಾಗ ಗರ್ಭಕೋಶದಲ್ಲೂ ತಯಾರಾಗುತ್ತದೆ. 2012ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಕೋರಿನ್ ಇಲ್ಲದ ಇಲಿಗಳಿಗೆ ಬಸಿರಿನಲ್ಲಿ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು. ಮನುಷ್ಯರಲ್ಲಿ ಇದೇ ಲಕ್ಷಣದ ಕಾಯಿಲೆಗೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ.

ಇನ್ನೊಂದು ಪ್ರಶ್ನೆ. ಮಗುವಿನ ಅರ್ಧ ಜೀನ್‌ಗಳು ಅಪ್ಪನವು. ಹಾಗಿದ್ದೂ ತಾಯಿಯ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯ ಅಂತ ಯಾಕೆ ಹೊರಹಾಕೋದಿಲ್ಲ? 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಬಸುರಿ ಇಲಿಗಳಲ್ಲಿ ಐಡಿಒ ಎಂಬ ಕಿಣ್ವವನ್ನು ತಡೆದು ನೋಡಿದರು. ಅಪ್ಪನ ತಳಿ ಬೇರೆಯಾಗಿದ್ದ ಭ್ರೂಣಗಳು ಸತ್ತವು, ಅಪ್ಪ ಅಮ್ಮ ಒಂದೇ ತಳಿಯಾಗಿದ್ದವು ಉಳಿದವು. ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲವನ್ನು ಒಡೆದು, ದಾಳಿ ಮಾಡುವ ಟಿ-ಕೋಶಗಳಿಗೆ ಅದು ಸಿಗದ ಹಾಗೆ ಮಾಡೋದು ಈ ಕಿಣ್ವದ ಉಪಾಯ.

ಇನ್ನೊಂದು ಕಿಣ್ವ ಕಾವಲುಗಾರ ಇದ್ದ ಹಾಗೆ. ತಾಯಿಯ ಕಾರ್ಟಿಸೋಲ್ ಹಾರ್ಮೋನಿನ ಹೆಚ್ಚಿನ ಭಾಗವನ್ನು ಮಾಸಿನಲ್ಲೇ ನಿಷ್ಕ್ರಿಯ ಮಾಡುತ್ತದೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಈ ಕಾವಲುಗಾರನನ್ನೇ ತಡೆಯುತ್ತದೆ. ಹಾಗಾಗಿ ಬಸುರಿಯರಿಗೆ ಕಷಾಯ ಮಾಡಿಕೊಡುವ ಮೊದಲು ಡಾಕ್ಟರನ್ನು ಕೇಳೋದು ಒಳ್ಳೇದು.

ಇಷ್ಟೆಲ್ಲ ಯಾಕೆ ತಿಳ್ಕೊಬೇಕು? ಗರ್ಭ ನಿಲ್ಲದಿದ್ದರೆ "ಅವಳು ಭಾರ ಎತ್ತಿದಳು, ಅದನ್ನು ತಿಂದಳು" ಅಂತ ಹೆಣ್ಣನ್ನೇ ದೂರುತ್ತೇವೆ. ತುಂಬಾ ಸಲ ತೊಂದರೆ ಇರೋದು ಅವಳ ಕೈಯಲ್ಲಿಲ್ಲದ ಕಡೆ, ಕೋಶಗಳ ಮಟ್ಟದಲ್ಲಿ. ನಮ್ಮ ಕೈಯಲ್ಲಿರೋದು ಪರೀಕ್ಷೆ. 20 ವಾರದ ನಂತರ ಬಿಪಿ 140/90 ಮುಟ್ಟಿದರೆ, ಜೋರು ತಲೆನೋವು, ಕಣ್ಣು ಮಂಜು, ಮುಖ ಊತ ಕಂಡರೆ ಕಾಯಬಾರದು. ಅಂಕೋಲಾ, ಕಾರವಾರಕ್ಕೆ ಓಡುವ ಹಳ್ಳಿಗಳಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿ ಇದ್ದರೆ, ತಾಯಿ ಕಾರ್ಡಿನಲ್ಲಿ ಬಿಪಿ ಎಷ್ಟು ಬರೆದಿದ್ದಾರೆ ಅಂತ ಇವತ್ತೇ ಒಮ್ಮೆ ನೋಡಿ.