ಕಡಕ್‌ನಾಥ್ ಕೋಳಿ

ಕಡಕ್‌ನಾಥ್ ಭಾರತದ ಒಂದು ದೇಶೀ ಕೋಳಿ ತಳಿ. ಮಧ್ಯಪ್ರದೇಶದ ಪಶ್ಚಿಮ ಭಾಗದ ಝಾಬುವಾ, ಅಲಿರಾಜಪುರ ಮತ್ತು ಧಾರ್ ಜಿಲ್ಲೆಗಳು ಇದರ ಮೂಲನೆಲೆ. ಅಲ್ಲಿನ ಭಿಲ್ ಮತ್ತು ಭಿಲಾಲ ಸಮುದಾಯಗಳು ಇದನ್ನು ತಲೆಮಾರುಗಳಿಂದ ಸಾಕುತ್ತ ಬಂದಿವೆ. ಸ್ಥಳೀಯವಾಗಿ ಇದಕ್ಕೆ ‘ಕಾಲಿ ಮಾಸಿ’, ಅಂದರೆ ಕಪ್ಪು ಮಾಂಸದ ಕೋಳಿ, ಎಂಬ ಹೆಸರಿದೆ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಛತ್ತೀಸಗಢದ ದಂತೇವಾಡವೂ ಇದೇ ಮಾನ್ಯತೆಗಾಗಿ ಹಕ್ಕು ಮಂಡಿಸಿತ್ತು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ರೈತರೂ ಈ ತಳಿಯನ್ನು ಸಾಕುತ್ತಿದ್ದಾರೆ.

ಲಕ್ಷಣಗಳು

ಈ ತಳಿಯ ಚರ್ಮ, ಜುಟ್ಟು, ಕಾಲು, ಮಾಂಸ ಮತ್ತು ಒಳ ಅಂಗಗಳೆಲ್ಲವೂ ಕಪ್ಪು ಛಾಯೆಯವು. 20ನೆಯ ವರ್ಣತಂತುವಿನ ಒಂದು ಭಾಗ ದ್ವಿಗುಣಗೊಂಡಿರುವುದರಿಂದ, ಕಪ್ಪು ವರ್ಣದ್ರವ್ಯವಾದ ಮೆಲನಿನ್ ಅನ್ನು ಉತ್ಪಾದಿಸುವ ಕೋಶಗಳು ದೇಹದ ಒಳಪದರಗಳಲ್ಲಿಯೂ ಹರಡಿಕೊಳ್ಳುತ್ತವೆ. ಚೀನಾದ ಸಿಲ್ಕಿ ಮತ್ತು ಇಂಡೋನೇಷ್ಯಾದ ಅಯಾಮ್ ಚೆಮಾನಿ ತಳಿಗಳಲ್ಲಿಯೂ ಕಾರಣ ಇದೇ. ಮೊಟ್ಟೆಯೂ ಕಪ್ಪಾಗಿರುತ್ತದೆ ಎಂಬ ನಂಬಿಕೆ ತಪ್ಪು. ಅದರ ಬಣ್ಣ ತಿಳಿಕಂದು. ಪುಕ್ಕದ ಬಣ್ಣವನ್ನು ಅನುಸರಿಸಿ ಅಚ್ಚಕಪ್ಪು, ಗೆರೆಯುಳ್ಳ ಮತ್ತು ಹೊಂಬಣ್ಣದ ಎಂಬ ಮೂರು ಬಗೆಗಳನ್ನು ಗುರುತಿಸಲಾಗಿದೆ.

ಮರಿ ಮಾಡಿಸುವಿಕೆ

ಕಡಕ್‌ನಾಥ್ ಹೇಂಟೆ ವರ್ಷಕ್ಕೆ ಸುಮಾರು 80ರಿಂದ 100 ಮೊಟ್ಟೆಗಳನ್ನಷ್ಟೇ ಇಡುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಅದು ಕಾವಿಗೆ ಕೂರುವುದು ಅಪರೂಪ. ಆದ್ದರಿಂದ ಮೊಟ್ಟೆಗಳನ್ನು ಬೇರೆ ನಾಟಿ ಕೋಳಿಯ ಕೆಳಗಿಡುವ ರೂಢಿಯಿದೆ. ಒಂದು ನಾಟಿ ಕೋಳಿ 10ರಿಂದ 12 ಮೊಟ್ಟೆಗಳಿಗೆ ಕಾವು ಕೊಡಬಲ್ಲದು. ಮರಿಯ ತಳಿಯನ್ನು ನಿರ್ಧರಿಸುವುದು ಮೊಟ್ಟೆಯಿಟ್ಟ ಹೇಂಟೆ ಮತ್ತು ಕೂಡಿದ ಹುಂಜವೇ ಹೊರತು ಕಾವು ಕೊಟ್ಟ ಕೋಳಿಯಲ್ಲ.

ಆದರೆ ಸಾಕು ತಾಯಿಯ ಅಗತ್ಯದಿಂದಾಗಿ ಒಂದೇ ಅಂಗಳದಲ್ಲಿ ಎರಡು ತಳಿಗಳು ಇರಬೇಕಾಗುತ್ತದೆ. ಅವು ಬೆರೆತರೆ ಹುಟ್ಟುವುದು ಸಂಕರ ಮರಿ. ಕಪ್ಪು ಗುಣ ಆನುವಂಶಿಕವಾಗಿ ಪ್ರಬಲವಾದುದರಿಂದ ಅಂತಹ ಮರಿಗಳಲ್ಲಿಯೂ ಅದು ಬಹುಮಟ್ಟಿಗೆ ಕಾಣಿಸಿಕೊಳ್ಳಬಹುದು. ಹೀಗಾಗಿ ಕಪ್ಪಾಗಿರುವ ಕೋಳಿಯೆಲ್ಲ ಶುದ್ಧ ಕಡಕ್‌ನಾಥ್ ಅಲ್ಲ. ತಳಿಗೆ ಬೆಲೆ ಬಂದ ಮೇಲೆ ಈ ಗೊಂದಲ ಮಾರುಕಟ್ಟೆಯಲ್ಲಿ ಲಾಭಕ್ಕೂ ದಾರಿಯಾಗಿದೆ. ತಳಿ ಮೊಟ್ಟೆಗಾಗಿ 8ರಿಂದ 10 ಹೇಂಟೆಗಳಿಗೆ ಒಂದು ಹುಂಜದಂತೆ ಪ್ರತ್ಯೇಕ ಗೂಡಿನಲ್ಲಿ ಇರಿಸುವುದೇ ಇದಕ್ಕೆ ಖಚಿತವಾದ ಉಪಾಯ. ಸಣ್ಣ ಹಿಂಡಿನಲ್ಲಿ ರಕ್ತಸಂಬಂಧದ ಕೂಡುವಿಕೆಯಿಂದ ಮೊಟ್ಟೆಗಳ ಫಲವಂತಿಕೆ ಕುಗ್ಗುವುದರಿಂದ, ಸಂಬಂಧವಿಲ್ಲದ ಹಿಂಡಿನ ಹುಂಜವನ್ನು ಆಗಾಗ ತರಬೇಕಾಗುತ್ತದೆ.

ಕಾವಿಗೆ ಒಂದು ವಾರಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಲಾಗುತ್ತದೆ. ತೊಳೆದರೆ ಚಿಪ್ಪಿನ ರಕ್ಷಕ ಪದರ ಹೋಗುವುದರಿಂದ ತೊಳೆಯುವುದಿಲ್ಲ. ಯಂತ್ರದಲ್ಲಿ ಇಡುವಾಗ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳದಂತೆ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಲಾಗುತ್ತದೆ. 7ನೆಯ ದಿನ ಬೆಳಕಿಗೆ ಹಿಡಿದಾಗ ಜೇಡರ ಬಲೆಯಂತೆ ರಕ್ತನಾಳಗಳು ಕಂಡರೆ ಭ್ರೂಣ ಬೆಳೆಯುತ್ತಿದೆ ಎಂದರ್ಥ. 18ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶವನ್ನು ಹೆಚ್ಚಿಸಬೇಕು. 21ನೆಯ ದಿನದ ಹೊತ್ತಿಗೆ ಮರಿಗಳು ಹೊರಬರುತ್ತವೆ. ಮರಿ ಚಿಪ್ಪನ್ನು ಕುಕ್ಕಿದ ಬಳಿಕ ಪೂರ್ತಿ ಹೊರಬರಲು ಹಲವು ಗಂಟೆಗಳು ಹಿಡಿಯುವುದು ಸಹಜ. ಅವಸರದಿಂದ ಚಿಪ್ಪು ಬಿಡಿಸಿದರೆ ರಕ್ತಸ್ರಾವದಿಂದ ಮರಿ ಸಾಯುವ ಸಂಭವವಿದೆ.

ಮರಿಗಳ ಪಾಲನೆ

ಮರಿಗಳ ಮೈ ನೀಲಿ ಮಿಶ್ರಿತ ಕಪ್ಪು; ಬೆನ್ನ ಮೇಲೆ ಅನಿಯಮಿತ ಗೆರೆಗಳಿರುತ್ತವೆ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಕೊಟ್ಟು, ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ತಗ್ಗಿಸಲಾಗುತ್ತದೆ. ಮರಿಗಳು ದೀಪದಡಿ ಒತ್ತಾಗಿ ಗುಂಪುಗೂಡಿದರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದು ಉಸಿರಾಡಿದರೆ ಶಾಖ ಹೆಚ್ಚಾಗಿದೆ. ಕಡಕ್‌ನಾಥ್ ಗಡುಸಾದ ತಳಿಯೆಂದು ಹೆಸರಾಗಿದ್ದರೂ ಕೊಕ್ಕರೆ ರೋಗದ ಲಸಿಕೆಯನ್ನು ತಪ್ಪಿಸುವಂತಿಲ್ಲ. ಅದನ್ನು ಸಾಮಾನ್ಯವಾಗಿ ಮೊದಲ ವಾರದಲ್ಲಿಯೇ ಹಾಕಲಾಗುತ್ತದೆ.