ಹಳೆಯ ಬಡಾವಣೆಗೆ ವಠಾರದ ಪಾಠ

ಬೆಂಗಳೂರಿನ ವಸತಿ ಸಮಸ್ಯೆಯ ಮಾತು ಬಂದಾಗಲೆಲ್ಲ ನಮ್ಮ ಆಡಳಿತದ ದೃಷ್ಟಿ ನಗರದ ಹೊರವಲಯದತ್ತ ಹರಿಯುತ್ತದೆ. ಹೊಲಗದ್ದೆಗಳು ನಿವೇಶನಗಳಾಗುತ್ತವೆ, ರಸ್ತೆ, ನೀರು, ಒಳಚರಂಡಿಗಳು ಎಷ್ಟೋ ವರ್ಷಗಳ ಬಳಿಕ ಬರುತ್ತವೆ. ಈ ಸೌಕರ್ಯಗಳೆಲ್ಲ ಈಗಾಗಲೇ ಇರುವ ಹಳೆಯ ಬಡಾವಣೆಗಳಲ್ಲಿ ಮಾತ್ರ ಸಾಮಾನ್ಯ ವರಮಾನದವರಿಗೆ ಮನೆ ದೊರೆಯದಂತಾಗಿದೆ.

ಇದು ಆ ಬಡಾವಣೆಗಳ ಮೂಲ ಸ್ವರೂಪವಲ್ಲ. ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ತುಂಬಿಕೊಂಡವು. ಜಯನಗರ, ರಾಜಾಜಿನಗರಗಳು 1940ರ ದಶಕದ ಕೊನೆಯಲ್ಲಿ ತಲೆಯೆತ್ತಿದವು. ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು ನೆಲೆ ಕಂಡುಕೊಂಡದ್ದು ಇಲ್ಲಿಯೇ. ಇಂದು ಅರವತ್ತು-ನಲವತ್ತರ ನಿವೇಶನದ ಹಳೆಯ ಮನೆ ಉರುಳಿದರೆ, ಆ ಜಾಗದಲ್ಲಿ ನೆಲಮಟ್ಟವನ್ನು ಕಾರುಗಳಿಗೆ ಬಿಟ್ಟು ಮೇಲೆ ಮೂರೋ ನಾಲ್ಕೋ ಭಾರಿ ಫ್ಲ್ಯಾಟ್‌ಗಳು ಏಳುತ್ತವೆ. ಅದೇ ಬೀದಿಯ ಆಸ್ಪತ್ರೆಯ ದಾದಿ, ಅಂಗಡಿಯ ನೌಕರ, ಶಾಲೆಯ ಶಿಕ್ಷಕಿ ಮಾತ್ರ ಎರಡು ಬಸ್ಸು ಬದಲಿಸಿ ದೂರದಿಂದ ಬರಬೇಕು.

ಇದರ ಹಿಂದಿನ ಅರ್ಥಶಾಸ್ತ್ರ ಸರಳವಾದದ್ದು. ಹಳೆಯ ಬಡಾವಣೆಯಲ್ಲಿ ಮನೆಯ ಬೆಲೆಯ ದೊಡ್ಡ ಪಾಲು ನೆಲದ್ದೇ ಹೊರತು ಇಟ್ಟಿಗೆ, ಸಿಮೆಂಟಿನದಲ್ಲ. ನೂರು ರೂಪಾಯಿಯ ನೆಲವನ್ನು ನಾಲ್ಕು ಕುಟುಂಬಗಳು ಹಂಚಿಕೊಂಡರೆ ತಲಾ 25 ರೂಪಾಯಿ. ಎಂಟು ಕುಟುಂಬಗಳಾದರೆ ಹನ್ನೆರಡೂವರೆ. ಮನೆ ಅಗ್ಗವಾಗಬೇಕಾದರೆ ಚಿಕ್ಕದಾಗಬೇಕು, ನೆಲ ಹಂಚಿಕೆಯಾಗಬೇಕು. ನಮ್ಮ ಹಿರಿಯರು ಇದನ್ನು ವಠಾರಗಳಲ್ಲಿ ಸಾಧಿಸಿದ್ದರು. ಒಂದೇ ಅಂಗಳ, ಒಂದೇ ಬಾವಿ, ಸಾಲಾಗಿ ಸಣ್ಣ ಮನೆಗಳು. ಗಾಳಿ-ಬೆಳಕಿನ ಅಭಾವ, ಶೌಚಾಲಯದ ಮುಂದಿನ ಸರದಿ ಮರಳಿ ಬರಬೇಕಿಲ್ಲ. ಮರಳಬೇಕಾದದ್ದು ಅಂಗಳ ಮತ್ತು ನೆಲದ ಹಂಚಿಕೆಯ ತತ್ವ.

ಪರಿಸರದ ದೃಷ್ಟಿಯಿಂದಲೂ ಅತ್ಯಂತ ಮಿತವ್ಯಯದ ಕಟ್ಟಡವೆಂದರೆ ಈಗಾಗಲೇ ನಿಂತಿರುವ ಕಟ್ಟಡ. ಅದರ ಗೋಡೆಗಳಲ್ಲಿ ಇಟ್ಟಿಗೆ ಸುಟ್ಟ ಸೌದೆಯೂ ಹೊತ್ತ ಶ್ರಮವೂ ಸೇರಿಹೋಗಿವೆ. ಅಡಿಪಾಯ ಗಟ್ಟಿಯಿದೆಯೆಂದು ಎಂಜಿನಿಯರರು ದೃಢಪಡಿಸಿದರೆ ದೊಡ್ಡ ಮನೆಯನ್ನೇ ಎರಡು-ಮೂರು ಮನೆಗಳಾಗಿ ವಿಭಾಗಿಸಬಹುದು; ಮೇಲೊಂದು ಅಂತಸ್ತು ಏರಿಸಬಹುದು. ಅದಕ್ಕೆ ಬೇಕಾದ ತಂತ್ರಜ್ಞಾನ ನಮ್ಮಲ್ಲೇ ಇದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಸುಡದೆ ಒತ್ತಿ ತಯಾರಿಸುವ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿತು. ತಾರಸಿಯ ಕಾಂಕ್ರೀಟಿನ ನಡುವೆ ಹೆಂಚು ಹುದುಗಿಸಿ ಸಿಮೆಂಟು ಉಳಿಸುವ ವಿಧಾನವನ್ನು ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದರು.

ಹೆಚ್ಚು ಜನ ಬಂದರೆ ನೀರೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ನಗರ ಪಟ್ಟ ಪಾಡನ್ನು ಮರೆತಿಲ್ಲ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರಿನಲ್ಲಿ ಶೇ 80ರಷ್ಟನ್ನು ಹಿಡಿದರೂ 77 ಸಾವಿರ ಲೀಟರ್ ಆಯಿತು. ತಲಾ ದಿನಕ್ಕೆ 135 ಲೀಟರಿನಂತೆ ಲೆಕ್ಕ ಹಾಕಿದರೆ, ಇದು ನಾಲ್ವರ ಕುಟುಂಬದ ವಾರ್ಷಿಕ ಅಗತ್ಯದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. 2009ರ ಕಾನೂನು ಅರವತ್ತು-ನಲವತ್ತು ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದೆ. ಒಳಚರಂಡಿಯ ಹಳೆಯ ಕೊಳವೆಗಳ ಸಾಮರ್ಥ್ಯವನ್ನು ಬೀದಿಬೀದಿಗೂ ಪರೀಕ್ಷಿಸಿಯೇ ಅನುಮತಿ ನೀಡಬೇಕೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾಗದು.

ಸರ್ಕಾರ ಮಾಡಬೇಕಾದದ್ದು ಮೂರು. ಮೊದಲನೆಯದು, ಮೆಟ್ರೊ ನಿಲ್ದಾಣದ ಆಸುಪಾಸಿನ ಸಣ್ಣ ಮನೆಗಳಿಗೆ ವಾಹನ ನಿಲುಗಡೆಯ ನಿಯಮ ಸಡಿಲಿಸುವುದು; ಕಾರಿಗೆ ಮೀಸಲಿಟ್ಟ ನೆಲಮಟ್ಟದಲ್ಲಿ ಒಂದು ಕುಟುಂಬ ವಾಸಿಸಬಲ್ಲದು. ಎರಡನೆಯದು, ಕೆಡವದೆ ವಿಸ್ತರಿಸಿ ಸಣ್ಣ ಮನೆಗಳನ್ನು ಬಾಡಿಗೆಗೆ ಕೊಡುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ. ಮೂರನೆಯದು, ಬಾಡಿಗೆಯ ಕರಾರಿನಲ್ಲಿ ಉಭಯತರಿಗೂ ಭದ್ರತೆ. ಮನೆ ಮರಳಿ ಬಾರದೆಂಬ ಅಂಜಿಕೆಯಿಂದ ಎಷ್ಟೋ ಹಿರಿಯರು ಮಹಡಿಗೆ ಬೀಗ ಹಾಕಿ ಕೂತಿದ್ದಾರೆ. ಹತ್ತು ತಿಂಗಳ ಮುಂಗಡ ಹೊಂದಿಸಲಾರದೆ ಎಷ್ಟೋ ಯುವ ದಂಪತಿಗಳು ಹಿಂದಿರುಗುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ವ್ಯಾಜ್ಯಗಳ ಶೀಘ್ರ ಇತ್ಯರ್ಥಕ್ಕೂ ದಾರಿ ತೋರುತ್ತದೆ.

ನಮ್ಮ ಬೀದಿಯ ಶಾಂತಿ ಕೆಡುತ್ತದೆಂದು ಹಳೆಯ ನಿವಾಸಿಗಳು ಆಕ್ಷೇಪಿಸಬಹುದು. ಆದರೆ ಮಕ್ಕಳು ಪರದೇಶದಲ್ಲಿ, ಮುದುಕರಿಬ್ಬರು ಆರು ಕೋಣೆಗಳ ಮನೆಯಲ್ಲಿ ಎಂಬಂಥ ಬೀದಿಯಲ್ಲಿರುವುದು ಶಾಂತಿಯಲ್ಲ, ನಿರ್ಜನತೆ. ರಾತ್ರಿ ಎದೆನೋವು ಬಂದಾಗ ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರಾದರೂ ಇರುವುದು ಎಷ್ಟು ಅಗತ್ಯವೆಂಬುದನ್ನು ವಠಾರದಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ.