ನಡುಗುವುದು ಉಳಿಯೋ, ಮರವೋ? ಕಡೆತದ ಉಪಕರಣ ಕೊಳ್ಳುವ ಮುನ್ನ ಪಾಲಕರು ತಿಳಿಯಬೇಕಾದದ್ದು

ಸಾವರ್ಡೆ: ಗೋವಾದಲ್ಲಿ ಗಣಿಗಾರಿಕೆ 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಸ್ಥಗಿತಗೊಂಡಾಗ ಸಾವರ್ಡೆ–ಕುಡಚಡೆ ಪರಿಸರದ ಅನೇಕ ಕುಟುಂಬಗಳು ಒಂದೇ ದುಡಿಮೆಯನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು ಕಣ್ಣಾರೆ ಕಂಡವು. ಅಂದಿನಿಂದ ಮಕ್ಕಳಿಗೆ ಓದಿನ ಜೊತೆಗೆ ಕೈಕಸುಬೊಂದಿರಲಿ ಎಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತಿದೆ. ಅಂತಹ ಕಸುಬುಗಳಲ್ಲಿ ಮರದ ಕಡೆತವೂ ಒಂದು. ಚಿಕ್ಕದೊಂದು ಲೇತ್, ನಾಲ್ಕಾರು ಉಳಿಗಳು, ಮನೆಯ ಹಿಂದಿನ ಮಾಡು ಇವಿಷ್ಟಿದ್ದರೆ ಕೆಲಸ ಆರಂಭಿಸಬಹುದು. ಆದರೆ ಕುಂಕುಮದ ಭರಣಿಯಿಂದ ಹೂದಾನಿಗೆ, ಹೂದಾನಿಯಿಂದ ಆಳವಾದ ಪಾತ್ರೆಗೆ ಮುಂದುವರಿಯುವಾಗ ಬಹುತೇಕ ಕಲಿಕೆಗಾರರು ಎಡವುತ್ತಾರೆ. ಉಳಿ ನಡುಗುತ್ತದೆ, ಮರ ಅದುರುತ್ತದೆ, ಕೆಲಸ ಕೆಡುತ್ತದೆ. ಆಗ ಉಳಿತಾಯದ ಹಣವೆಲ್ಲ ದುಬಾರಿ ಉಪಕರಣಗಳಿಗೆ ಹೋಗುತ್ತದೆ, ನಡುಕ ಮಾತ್ರ ನಿಲ್ಲುವುದಿಲ್ಲ. ಹಣ ಕೊಡುವ ಮುನ್ನ ಏನನ್ನು ಗಮನಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮದೇ ಆದ ಕಸುಬು

ಕಡೆತವು ಕನ್ನಡಿಗರಿಗೆ ಹೊಸದಲ್ಲ. ಮಜ್ಜಿಗೆಯನ್ನೂ ಮರವನ್ನೂ ನಮ್ಮ ನುಡಿ ‘ಕಡೆ’ ಎಂಬ ಒಂದೇ ಕ್ರಿಯಾಪದದಿಂದ ಹೇಳುತ್ತದೆ. ಎರಡರಲ್ಲಿಯೂ ಇರುವುದು ತಿರುಗುವಿಕೆ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ನುಣುಪಾದ ದುಂಡು ಕಂಬಗಳನ್ನು ಇಂದಿಗೂ ‘ಕಡೆದ ಕಂಬ’ಗಳೆಂದೇ ಕರೆಯುತ್ತೇವೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಬಳಿಕ ಒಣಗಿದ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣದ ತೊಟ್ಟಿಲುಗಳಿಗೆ ಹೆಸರಾದವರು. ಇತ್ತ ಗೋವಾದಲ್ಲಿಯೇ ಕುಂಕಳ್ಳಿಯ ಚಿತಾರಿ ಸಮುದಾಯದವರು ಮರ ಮತ್ತು ಅರಗಿನ ಕೆಲಸವನ್ನು ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಇಲ್ಲಿ ಕಡೆತ ಕಲಿಯುವ ಮಗುವಿಗೆ ಎರಡೂ ಕಡೆಯ ಪರಂಪರೆ ಬೆನ್ನಿಗಿದೆ.

ಹೊರಗಣ ಕಡೆತ, ಒಳಗಣ ತೋಡಿಕೆ

ಹೊರಮೈಯನ್ನು ಕಡೆಯುವಾಗ ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿ, ಅಂದರೆ ಟೂಲ್ ರೆಸ್ಟ್, ಮರಕ್ಕೆ ಒಂದು ಬೆರಳಿನಷ್ಟು ಹತ್ತಿರದಲ್ಲಿರುತ್ತದೆ. ಉಳಿಯ ತುದಿ ಅದರಿಂದ ಹೆಚ್ಚು ಮುಂದಕ್ಕೆ ಚಾಚಿಕೊಂಡಿರುವುದಿಲ್ಲ. ಒಳಗನ್ನು ತೋಡುವಾಗ ಪರಿಸ್ಥಿತಿ ತಿರುವುಮುರುವಾಗುತ್ತದೆ. ಟೂಲ್ ರೆಸ್ಟ್ ಪಾತ್ರೆಯ ಬಾಯಿಯ ಹೊರಗೆ ಉಳಿಯುತ್ತದೆ, ಉಳಿ ಮಾತ್ರ ಒಳಗೆ ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಇತ್ತ ಮರವೂ ಒಂದು ತುದಿಯಲ್ಲಿ ಮಾತ್ರ ಚಕ್ಕಿನ ಹಿಡಿತದಲ್ಲಿದ್ದು, ಇನ್ನೊಂದು ತುದಿ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಹೀಗೆ ಉಳಿಗೂ ಆಸರೆ ದೂರ, ಮರಕ್ಕೂ ಆಸರೆ ದೂರ. ಉಳಿಗೆ ಸಂಬಂಧಿಸಿದ ನಡುಕಕ್ಕೆ ತಕ್ಕ ತೋಡುವ ಉಳಿ ಪರಿಹಾರ. ಮರಕ್ಕೆ ಸಂಬಂಧಿಸಿದ ನಡುಕಕ್ಕೆ ಸ್ಟೆಡಿ ರೆಸ್ಟ್ ಪರಿಹಾರ. ಒಂದರ ರೋಗಕ್ಕೆ ಇನ್ನೊಂದರ ಮದ್ದು ಕೊಂಡರೆ ಹಣ ವ್ಯರ್ಥ.

ಶಾಲೆಯ ಸನ್ನೆಕೋಲು ಇಲ್ಲಿಯೂ ಇದೆ

ಮಕ್ಕಳು ವಿಜ್ಞಾನ ಪುಸ್ತಕದಲ್ಲಿ ಓದುವ ಸನ್ನೆಕೋಲಿನ ಪಾಠವನ್ನು ನೆನಪಿಸಿಕೊಳ್ಳಿ. ಟೂಲ್ ರೆಸ್ಟ್ ಆನಿಕೆ, ಉಳಿಯ ತುದಿಯಲ್ಲಿ ಮರದ ಒತ್ತಡ, ಹಿಡಿಯ ತುದಿಯಲ್ಲಿ ನಮ್ಮ ಕೈ. ತುದಿಯ ಮೇಲೆ 6 ಕಿಲೋ ತೂಕದಷ್ಟು ಒತ್ತಡ ಬಿದ್ದಿದೆ, ಕೈ ಆನಿಕೆಯಿಂದ 50 ಸೆಂ.ಮೀ. ಹಿಂದಿದೆ ಎಂದುಕೊಳ್ಳೋಣ. ಉಳಿ 5 ಸೆಂ.ಮೀ. ಚಾಚಿದ್ದರೆ ಕೈ ತಡೆಯಬೇಕಾದದ್ದು 0.6 ಕಿಲೋ ಮಾತ್ರ. 20 ಸೆಂ.ಮೀ. ಚಾಚಿದ್ದರೆ 2.4 ಕಿಲೋ. ತೋಡುವ ಉಳಿಗಳ ಹಿಡಿ ಅಷ್ಟು ಉದ್ದವಿರುವುದು ಈ ಕಾರಣಕ್ಕಾಗಿಯೇ.

ಬಾಗುವಿಕೆಯ ಲೆಕ್ಕ ಇನ್ನೂ ಕಠಿಣ. ಒಂದು ತುದಿಯಲ್ಲಿ ಆಸರೆ ಪಡೆದ ಸರಳು ಬಾಗುವ ಪ್ರಮಾಣವು ಚಾಚಿದ ಉದ್ದದ ಘನದಂತೆ ಏರುತ್ತದೆ. ಉದ್ದ ಇಮ್ಮಡಿಯಾದರೆ ಬಾಗುವಿಕೆ 8 ಪಟ್ಟು, ನಾಲ್ಮಡಿಯಾದರೆ 64 ಪಟ್ಟು. ಅದೇ ಸರಳಿನ ದಪ್ಪವನ್ನು ಇಮ್ಮಡಿಗೊಳಿಸಿದರೆ ಬಾಗುವಿಕೆ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 12 ಮಿ.ಮೀ. ಸರಳಿನ ಬದಲು 16 ಮಿ.ಮೀ. ಸರಳು ಬಳಸಿದರೂ ಬಾಗುವಿಕೆ ಸುಮಾರು ಮೂರನೆಯ ಒಂದು ಭಾಗವಾಗುತ್ತದೆ. ಬೆಲೆಯ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಹೆಸರನ್ನಲ್ಲ, ಸರಳಿನ ದಪ್ಪವನ್ನು.

ತೋಡುವ ಉಳಿಯ ಆಯ್ಕೆ

ಕಲಿಕೆಗಾರರು ಸುರಕ್ಷಿತ ಅಂದಾಜಿಗೆ ಒಂದು ಸೂತ್ರವನ್ನು ನೆನಪಿಡಬಹುದು: ಟೂಲ್ ರೆಸ್ಟಿನಿಂದ ಮುಂದಕ್ಕೆ ಚಾಚುವ ಉದ್ದ ಸರಳಿನ ದಪ್ಪದ ಹತ್ತು ಪಟ್ಟನ್ನು ಮೀರದಿರಲಿ. ಅಂದರೆ 12 ಮಿ.ಮೀ. ಸರಳಿಗೆ 12 ಸೆಂ.ಮೀ., 16ಕ್ಕೆ 16 ಸೆಂ.ಮೀ., 20ಕ್ಕೆ 20 ಸೆಂ.ಮೀ. ಕುಂಕುಮದ ಭರಣಿಯ ಒಳ ಆಳ 5–6 ಸೆಂ.ಮೀ. ದಾಟುವುದಿಲ್ಲ. ಅದಕ್ಕೆ ಸಾಧಾರಣ ದುಂಡುಮೂತಿಯ ಸ್ಕ್ರೇಪರ್ ಸಾಕು. ಅಂಗೈ ಅಗಲದ ಬಟ್ಟಲಿಗೂ ಪ್ರತ್ಯೇಕ ತೋಡುವ ಉಳಿ ಬೇಕಿಲ್ಲ. 15 ಸೆಂ.ಮೀ.ಗಿಂತ ಆಳವಾದ, ಬಾಯಿ ಕಿರಿದಾದ ಹೂದಾನಿಗೆ ಕೈಹಾಕುವಾಗ ಮಾತ್ರ ಅದರ ಅಗತ್ಯ ಬೀಳುತ್ತದೆ.

ಮೊದಲಿಗೆ ನೇರ ಸರಳಿನ ಉಳಿಯನ್ನೇ ಆರಿಸುವುದು ಒಳಿತು. ಕತ್ತು ಬಾಗಿದ ಉಳಿ ಪಾತ್ರೆಯ ಭುಜದ ಕೆಳಗೆ ತಲುಪಲು ಬೇಕು ನಿಜ. ಆದರೆ ಅದರ ಬಾಗಿದ ಭಾಗ ಟೂಲ್ ರೆಸ್ಟಿನ ಮೇಲೆ ಕುಳಿತರೆ ಉಳಿ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಯಾವಾಗಲೂ ನೇರ ಭಾಗವೇ ರೆಸ್ಟಿನ ಮೇಲಿರಬೇಕು, ಮತ್ತು ಕತ್ತರಿಸುವ ಮೊನೆ ಹಿಡಿಯ ನೇರಕ್ಕೆ ಮರಳಿ ಬಂದಿರಬೇಕು.

ಮೊನೆಯ ಆಯ್ಕೆಯಲ್ಲಿ ಅಗಲಕ್ಕಿಂತ ಕಿರಿದು ಲೇಸು. ಅಗಲ ಮೊನೆ ಒಮ್ಮೆಗೆ ಹೆಚ್ಚು ಮರವನ್ನು ಕಚ್ಚುತ್ತದೆ, ಕೈಗೆ ಹೆಚ್ಚು ಪೆಟ್ಟು ಕೊಡುತ್ತದೆ. 5–6 ಮಿ.ಮೀ. ಅಗಲದ ಹೈಸ್ಪೀಡ್ ಸ್ಟೀಲ್ ಬಿಟ್ಟುಗಳು ಲೋಹದ ಲೇತಿನ ಸಾಮಾನು ಮಾರುವ ಅಂಗಡಿಗಳಲ್ಲಿ ದೊರೆಯುತ್ತವೆ, ಗ್ರೈಂಡರಿನಲ್ಲಿ ಮತ್ತೆ ಮತ್ತೆ ಹರಿತಗೊಳಿಸಬಹುದು. ಕಾರ್ಬೈಡ್ ಮೊನೆ ಬಹುಕಾಲ ಹರಿತವಾಗಿರುತ್ತದೆ, ಆದರೆ ಮೊಂಡಾದಾಗ ಸಾಮಾನ್ಯವಾಗಿ ಹೊಸದನ್ನೇ ಕೊಳ್ಳಬೇಕಾಗುತ್ತದೆ. ಮನೆಯ ಖರ್ಚು ಲೆಕ್ಕ ಹಾಕುವವರು ಈ ವ್ಯತ್ಯಾಸವನ್ನು ಮರೆಯಬಾರದು.

ತೋಡುವ ಕ್ರಮವೂ ಮುಖ್ಯ. ಮೊದಲು ನಡುವೆ 20–25 ಮಿ.ಮೀ. ಬೈರಿಗೆಯಿಂದ ಬೇಕಾದ ಆಳಕ್ಕಿಂತ ತುಸು ಕಡಿಮೆ ಕೊರೆಯಬೇಕು. ನಟ್ಟನಡುವಿನಲ್ಲಿ ಮರದ ವೇಗ ಶೂನ್ಯವಾಗಿರುವುದರಿಂದ ಉಳಿ ಅಲ್ಲಿ ಕತ್ತರಿಸುವುದಿಲ್ಲ, ಬರಿದೆ ಉಜ್ಜುತ್ತದೆ. ಬಳಿಕ ಆ ರಂಧ್ರದಿಂದ ಗೋಡೆಯ ಕಡೆಗೆ ತೋಡುತ್ತಾ ಬರಬೇಕು. ಮೊನೆ ನಡುಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಲಿ. ಆಗ ಮರ ಮೊನೆಯನ್ನು ಕೆಳಕ್ಕೆ ಎಳೆದರೂ ಅದು ಖಾಲಿ ಜಾಗಕ್ಕೆ ಸರಿಯುತ್ತದೆ, ಗೋಡೆಯನ್ನು ಕಚ್ಚುವುದಿಲ್ಲ. ಬಾಯಿಯ ಹತ್ತಿರದ ನಾಲ್ಕೈದು ಸೆಂ.ಮೀ. ಗೋಡೆಯನ್ನು ಮೊದಲು ಮುಗಿಸಿ, ಆಮೇಲೆ ಕೆಳಗಿಳಿಯಬೇಕು. ತೆಳುವಾದ ಬಾಯಿಗೆ ಕೊನೆಯಲ್ಲಿ ಮರಳಿದರೆ ಅದು ಅದುರಿ ಒಡೆಯುವ ಸಂಭವವಿದೆ.

ಸ್ಟೆಡಿ ರೆಸ್ಟ್: ಮರಕ್ಕೆ ಮೂರನೆಯ ಕೈ

ಸ್ಟೆಡಿ ರೆಸ್ಟ್ ಎಂದರೆ ತಿರುಗುವ ಮರವನ್ನು ಸುತ್ತುವರಿದು, ಗಾಲಿಗಳ ಮೂಲಕ ಆಸರೆ ಕೊಡುವ ಚೌಕಟ್ಟು. ಲೇತಿನ ಹಾಸಿನ ಮೇಲೆ ಬೋಲ್ಟಿನಿಂದ ಬಿಗಿದಿರುವ ಉಂಗುರ, ಅದರಲ್ಲಿ ಸಮದೂರದಲ್ಲಿ ಮೂರು ಗಾಲಿಗಳು: ಇದು ಸಾಮಾನ್ಯ ರೂಪ. ಆಳವಾದ ಪಾತ್ರೆಗಳಿಗಲ್ಲದೆ, ದಪ್ಪದ ಹತ್ತು ಪಟ್ಟಿಗಿಂತ ಉದ್ದವಾದ ತೊಟ್ಟಿಲ ಕಂಬಿಯಂತಹ ತೆಳು ಕಡೆತಕ್ಕೂ ಇದು ಬೇಕಾಗುತ್ತದೆ. ಅಂತಹ ಕಂಬಿಯ ಎರಡೂ ತುದಿಗಳು ಹಿಡಿತದಲ್ಲಿದ್ದರೂ ನಡುವು ಹಗ್ಗದಂತೆ ಬಳುಕುತ್ತದೆ.

ಇದನ್ನು ಕೊಳ್ಳಲೇಬೇಕೆಂದಿಲ್ಲ. ದಪ್ಪ ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿ ಕೊರೆದ ಉಂಗುರ, ಸ್ಕೇಟಿಂಗ್ ಬೂಟಿನ ಮೂರು ಮೆತ್ತನೆಯ ಗಾಲಿಗಳು, 8 ಮಿ.ಮೀ. ಬೋಲ್ಟುಗಳು ಇಷ್ಟಿದ್ದರೆ ಬಡಗಿಯ ಕೈಯಲ್ಲಿ ಒಂದೆರಡು ದಿನಗಳಲ್ಲಿ ಸಿದ್ಧವಾಗುತ್ತದೆ. ಉಂಗುರದ ನಡುಬಿಂದು ಲೇತಿನ ನಡುಬಿಂದುವಿಗೆ ಸರಿಹೊಂದಲೇಬೇಕು. ಲೋಹದ ಲೇತಿನ ಹಳೆಯ ಸ್ಟೆಡಿ ರೆಸ್ಟ್ ಅಗ್ಗವಾಗಿ ಸಿಕ್ಕಿತೆಂದು ತರುವವರಿಗೆ ಎಚ್ಚರಿಕೆ: ಅದರ ಹಿತ್ತಾಳೆಯ ಬೆರಳುಗಳು ಮರವನ್ನು ಉಜ್ಜಿ ಕಪ್ಪಾಗಿಸುತ್ತವೆ. ಮರಕ್ಕೆ ಗಾಲಿಯೇ ಬೇಕು.

ಬಳಸುವಾಗ ಮೊದಲು ಟೇಲ್‌ಸ್ಟಾಕಿನ ಆಸರೆಯಲ್ಲಿ ಹೊರಮೈಯನ್ನು ಪೂರ್ತಿ ದುಂಡಗೆ, ನುಣುಪಾಗಿ ಕಡೆಯಬೇಕು. ಅಗಲವಾದ ಭಾಗದ ಬಳಿ, ಇಳಿಜಾರಿಲ್ಲದ ಜಾಗದಲ್ಲಿ ಗಾಲಿಗಳು ಕೂರಲಿ. ಮರವನ್ನು ಕೈಯಿಂದ ತಿರುಗಿಸುತ್ತಾ ಪ್ರತಿ ಗಾಲಿಯೂ ಕೇವಲ ಸೋಕುವಂತೆ ಹೊಂದಿಸಬೇಕು. ಒತ್ತಿ ಬಿಗಿದರೆ ಮರದ ಮೇಲೆ ಪಟ್ಟೆ ಬೀಳುತ್ತದೆ, ಅಚ್ಚೂ ಸರಿಯುತ್ತದೆ. ಹಸಿ ಮರ ಒಣಗುತ್ತಾ ಅಂಡಾಕಾರ ತಾಳುವುದರಿಂದ, ಅರ್ಧ ತೋಡಿದ ಹಸಿ ಪಾತ್ರೆಯನ್ನು ಮರುದಿನಕ್ಕೆ ಬಿಟ್ಟರೆ ಅದೇ ಗಾಲಿಗಳು ಆಸರೆಯಾಗುವ ಬದಲು ಅದನ್ನು ಕುಲುಕುತ್ತವೆ. ಅರಗು ಹಚ್ಚುವ ಉದ್ದೇಶವಿದ್ದರೆ ತೋಡಿಕೆ ಮುಗಿದು, ಸ್ಟೆಡಿ ರೆಸ್ಟ್ ತೆಗೆದ ಮೇಲೆಯೇ ಹಚ್ಚಬೇಕು. ಇಲ್ಲವಾದರೆ ಗಾಲಿಯ ಗುರುತು ಹೊಳಪಿನ ಮೇಲೆ ಉಳಿದುಬಿಡುತ್ತದೆ.

ಕೊಳ್ಳುವ ಮುನ್ನ ಮೂರು ಪರೀಕ್ಷೆಗಳು

ಮೊದಲನೆಯದು: ಲೇತ್ ನಿಲ್ಲಿಸಿ, ಮರದ ಬಿಡುತುದಿಯನ್ನು ಕೈಯಿಂದ ಒತ್ತಿ ನೋಡಿ. ಚಕ್ಕಿನ ಬಳಿಯೇ ಅಲುಗಿದರೆ ದೋಷ ಹಿಡಿತದಲ್ಲಿದೆ. ಹೊಸ ಉಪಕರಣವೇ ಬೇಡ, ಹಿಡಿತಕ್ಕೆ ಕೊಟ್ಟ ಕಚ್ಚನ್ನು ಸರಿಯಾಗಿ ಕಡೆದರೆ ಸಾಕು.

ಎರಡನೆಯದು: ಉಳಿಯನ್ನು ಹೊಸದಾಗಿ ಮಸೆದು, ಬಾಯಿಯ ಹತ್ತಿರವೇ ಸ್ವಲ್ಪ ತೋಡಿ ನೋಡಿ. ಅಲ್ಲಿ ನಡುಕವಿಲ್ಲದೆ, ಆಳಕ್ಕೆ ಹೋದಂತೆ ಮಾತ್ರ ನಡುಕ ಏರುತ್ತಿದ್ದರೆ ದೋಷ ಉಳಿಯ ಚಾಚಿನಲ್ಲಿದೆ. ದಪ್ಪ ಸರಳು, ಉದ್ದ ಹಿಡಿ ಬೇಕು.

ಮೂರನೆಯದು: ಬಾಯಿಯ ಬಳಿ, ಉಳಿ ಹೆಚ್ಚು ಚಾಚದಿದ್ದಾಗಲೂ ಮರ ಗುಂಯ್ಗುಟ್ಟಿ ಸುರುಳಿ ಗೆರೆಗಳು ಮೂಡುತ್ತಿದ್ದರೆ ನಡುಗುತ್ತಿರುವುದು ಮರ. ಆಗ ಸ್ಟೆಡಿ ರೆಸ್ಟ್ ಬೇಕು.

ಹಣ ತೊಡಗಿಸುವ ಕ್ರಮವೂ ಇದರಿಂದಲೇ ಹೊರಡುತ್ತದೆ: ಮೊದಲು ಮುಖದ ಕಾಪು ಮತ್ತು ದೂಳಿನ ಮಾಸ್ಕ್, ನಂತರ ಒಳ್ಳೆಯ ಚಕ್, ಬಳಿಕ ಮಸೆಯುವ ವ್ಯವಸ್ಥೆ, ಆಮೇಲೆ ನೇರ ಸರಳಿನ ತೋಡುವ ಉಳಿ, ಮನೆಯಲ್ಲೇ ಮಾಡಿದ ಸ್ಟೆಡಿ ರೆಸ್ಟ್, ಕೊನೆಗೆ ಕತ್ತು ಬಾಗಿದ ಉಳಿ.

ಎಚ್ಚರ, ಕಾನೂನು, ಕಲಿಕೆ

15 ಸೆಂ.ಮೀ. ಅಗಲದ ಮರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಆಳವಾದ ತೋಡಿಕೆಗೆ ಅದಕ್ಕಿಂತ ಕಡಿಮೆ ವೇಗವೇ ಸರಿ. ಸೆರಗು, ಓಢಣಿ, ಬಳೆ, ಇಳಿಬಿಟ್ಟ ಕೂದಲು, ಕೈಗವಸು ಇವು ಯಾವುವೂ ಲೇತಿನ ಬಳಿ ಸಲ್ಲವು. ಗೋಡೆಯ ದಪ್ಪ ಅಳೆಯುವ ಮುನ್ನ ಲೇತ್ ಪೂರ್ತಿ ನಿಲ್ಲಬೇಕು. ತಿರುಗುವ ಪಾತ್ರೆಯೊಳಗೆ ಬೆರಳಿಡುವುದಂತೂ ಎಂದಿಗೂ ಕೂಡದು. ಶಾಲಾಮಕ್ಕಳು ದೂರದಿಂದ ನೋಡಿ ಕಲಿಯಲಿ. ಆಳ ತೋಡುವ ಉಳಿ ಅವರ ಕೈಗೆ ಬೇಡ.

ಕಲಿಕೆಗೆ ಬಿರುಗಾಳಿಗೆ ಮುರಿದು ಬಿದ್ದ ಮಾವು, ಹಲಸಿನ ಕೊಂಬೆಗಳು ಸಾಕು. ನಿಂತ ಮರವನ್ನು ಕಡಿಯುವುದಾದರೆ 1984ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೋವಾದಲ್ಲಿ ಅನುಮತಿ ಪಡೆಯಬೇಕು. ಹತ್ತನೆಯ ತರಗತಿ ಮುಗಿಸಿದವರಿಗೆ ಸಮೀಪದ ಕಾಕೋಡಾದಲ್ಲಿ ಸರ್ಕಾರಿ ಐಟಿಐ ಇದೆ. ಅಲ್ಲಿರುವ ವೃತ್ತಿಗಳ ವಿವರವನ್ನು ಪಾಲಕರು ನೇರವಾಗಿ ಹೋಗಿ ವಿಚಾರಿಸುವುದು ಒಳಿತು. ಐಟಿಐಗಳ ಟರ್ನರ್ ವೃತ್ತಿ ಲೋಹದ ಕಡೆತವನ್ನು ಕಲಿಸುತ್ತದೆ, ಆದರೆ ಚಕ್ಕು, ಆಸರೆ, ಚಾಚು, ವೇಗಗಳ ತತ್ತ್ವ ಎರಡಕ್ಕೂ ಒಂದೇ.

ಕಡೆ, ತೋಡು, ಕೊರೆ, ಮಸೆ: ಈ ಕಸುಬಿನ ಮೂಲಪದಗಳೆಲ್ಲ ನಮ್ಮ ಮಕ್ಕಳ ಮನೆಮಾತಿನಲ್ಲಿಯೇ ಇವೆ. ಕನ್ನಡ ಮಾಧ್ಯಮದಲ್ಲಿ ಸನ್ನೆಕೋಲಿನ ಪಾಠ ಓದಿದ ಮಗು ಮೇಲಿನ ಲೆಕ್ಕವನ್ನು ಯಾರ ನೆರವೂ ಇಲ್ಲದೆ ಮಾಡಬಲ್ಲದು. ಅಂಗಡಿಗೆ ಹೋಗುವ ಮುನ್ನ ಪಾಲಕರು ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಆಳಕ್ಕೆ ಎಷ್ಟು ದಪ್ಪದ ಸರಳು ಬೇಕೆಂದು ಲೆಕ್ಕ ಹಾಕಿಸಲಿ. ಉಳಿತಾಯದ ಹಣ ಎಲ್ಲಿಗೆ ಹೋಗಬೇಕೆಂಬುದು ಆ ಲೆಕ್ಕದಲ್ಲಿಯೇ ತಿಳಿಯುತ್ತದೆ.